ಬೆಳಕಿಗೆ ಹಿಡಿದ ಛತ್ರಿ

ನಮ್ಮ ಮನೆಯಲ್ಲಿ ಮಳೆಗೆ ಹಿಡಿಯಲಾಗದ ಛತ್ರಿಗಳು ಎರಡಿವೆ. ಇವತ್ತು ಬೆಳಿಗ್ಗೆ ಅದರಲ್ಲೊಂದನ್ನು ಬಿಚ್ಚಿಕೊಂಡು ಹಾಲು ತರಲು ಹೋಗಿ, ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ ಪುಕ್ಕಟೆ ಮನರಂಜನೆ ಒದಗಿಸಿ ಬಂದೆ. ಜಿಟಿಜಿಟಿ ಮಳೆ, ಅವಸರದಲ್ಲಿ ಕೈಗೆ ಸಿಕ್ಕಿದ್ದು ಅದೇ. ಬೀದಿಯ ತಿರುವು ದಾಟುವಷ್ಟರಲ್ಲಿ ಅದರ ತೆಳು ಬಿಳಿ ಬಟ್ಟೆಯಿಂದ ನೀರು ಸೋಸಿ ಸೋಸಿ ನನ್ನ ಬೋಳುತಲೆಗೆ ಬೀಳತೊಡಗಿತು. ಛತ್ರಿ ಹಿಡಿದುಕೊಂಡೇ ಪೂರ್ತಿ ತೊಯ್ದು ಬಂದ ಮನುಷ್ಯ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಬಾಗಿಲಲ್ಲೇ ನಿಂತಿದ್ದ ನನ್ನ ಹೆಂಡತಿ ಗಿರಿಜಾ ಟವೆಲ್ ಕೊಟ್ಟಳು, ನನಗಲ್ಲ, ಛತ್ರಿಗೆ. “ಮೊದ್ಲು ಅದನ್ನ ಒರೆಸ್ರಿ. ಇಷ್ಟ್ ವರ್ಷ ಅದ್ರ ಕೆಳಗೇ ಅನ್ನ ಉಂಡೀರಿ, ಅದು ಬೆಳಕಿನ ಛತ್ರಿ ಅಂತ ಇನ್ನೂ ಗೊತ್ತಾಗ್ಲಿಲ್ವಾ?” ಎಂದಳು. ಒರೆಸುತ್ತಾ ಒರೆಸುತ್ತಾ ನನ್ನ ಬೆರಳು ಅದರ ಅಂಚಿನಲ್ಲಿರುವ ಕರಿ ತೇಪೆಯ ಮೇಲೆ ನಿಂತಿತು. ಬಿಳಿ ಛತ್ರಿಗೆ ಕರಿ ತೇಪೆ. ಅಂಗೈಯಗಲದ್ದು, ಒತ್ತೊತ್ತಾಗಿ ಹೊಲಿದದ್ದು. ನಿಂತಲ್ಲೇ ನಿಂತುಬಿಟ್ಟೆ. ಹಾಲು ಉಕ್ಕಿತೋ ಕಾಫಿ ಆಯಿತೋ ತಿಳಿಯಲಿಲ್ಲ.

ಛತ್ರಿಯ ವಿಷಯ ತಿಳಿಯದವರಿಗೆ ಹೇಳಬೇಕು. ನನ್ನದು ಫೋಟೋ ಸ್ಟುಡಿಯೋ. ಕಂಬದಂಥ ಸ್ಟ್ಯಾಂಡಿನ ತುದಿಯಲ್ಲಿ ಫ್ಲಾಶ್ ಲೈಟು, ಅದರ ಮುಂದೆ ಬಿಚ್ಚಿದ ಬಿಳಿ ಛತ್ರಿ. ಲೈಟು ಫಕ್ಕನೆ ಹೊಡೆದಾಗ ಬೆಳಕು ಆ ಬಟ್ಟೆಯಲ್ಲಿ ಸೋಸಿ ಮೃದುವಾಗಿ ಮುಖದ ಮೇಲೆ ಬೀಳುತ್ತದೆ. ಮೊಡವೆ ಮರೆಯಾಗುತ್ತದೆ, ಮದುಮಗಳ ಅತ್ತೆಯೂ ಒಂದಿಷ್ಟು ಸೌಮ್ಯವಾಗಿ ಕಾಣುತ್ತಾಳೆ. ನಾನು ತೆಗೆದ ಯಾವ ಮದುವೆಯ ಫೋಟೋವನ್ನಾದರೂ ದೊಡ್ಡದು ಮಾಡಿ ನೋಡಿ, ಮದುಮಗಳ ಕಣ್ಣಿನಲ್ಲಿ ಪುಟ್ಟದೊಂದು ಬಿಳಿ ಛತ್ರಿ ಬಿಚ್ಚಿಕೊಂಡಿರುತ್ತದೆ. ಈಚಿನ ಮದುವೆಗಳದಾದರೆ ಆ ಛತ್ರಿಯ ಅಂಚಿನಲ್ಲಿ ಸಾಸಿವೆಯಂಥ ಒಂದು ಕರಿ ಚುಕ್ಕೆಯೂ ಕಾಣುತ್ತದೆ. ಇಲ್ಲಿಯವರೆಗೆ ಯಾರೂ ಗಮನಿಸಿ ಜಗಳ ತೆಗೆದಿಲ್ಲ.

ಈ ಫ್ಲಾಶಿನ ಹುಚ್ಚು ನನಗೆ ಚಿಕ್ಕಂದಿನದು. ನಾನು ಬೆಳೆದದ್ದು ನ್ಯಾಮತಿಯಲ್ಲಿ. ಅದು ತಾಲ್ಲೂಕು ಆದದ್ದು ಮೊನ್ನೆ ಮೊನ್ನೆ. ನಮ್ಮ ಕಾಲದಲ್ಲಿ ಹೊನ್ನಾಳಿಯ ಸೆರಗು ಹಿಡಿದುಕೊಂಡು ಓಡಾಡುತ್ತಿದ್ದ ಊರು. ಮದುವೆಗೆ ಶಿವಮೊಗ್ಗದಿಂದ ಫೋಟೋದವರು ಬರುತ್ತಿದ್ದರು. ಅವರ ಕ್ಯಾಮೆರಾದ ಮೇಲೆ ತಟ್ಟೆಯಂಥ ಒಂದು ಕನ್ನಡಿ, ಅದರ ನಡುವೆ ನೆಲ್ಲಿಕಾಯಿ ಗಾತ್ರದ ಬಲ್ಬು. ಒಂದು ಫೋಟೋಕ್ಕೆ ಒಂದು ಬಲ್ಬು. ಫಳ್ ಎಂದು ಉರಿದರೆ ಅದರ ಆಯುಸ್ಸು ಮುಗಿಯಿತು. ಅವರು ಅದನ್ನು ಕಿತ್ತು ಎಸೆಯುವುದೇ ತಡ, ನಾವು ಹುಡುಗರು ಚಪ್ಪರದ ಕೆಳಗೆ ಒಬ್ಬರ ಮೇಲೊಬ್ಬರು ಬಿದ್ದು ಹೆಕ್ಕುತ್ತಿದ್ದೆವು. ಗಾಜು ಬೆಂದು ಗುಳ್ಳೆಯೆದ್ದಿರುತ್ತಿತ್ತು, ಅಂಗೈಯಲ್ಲಿಟ್ಟುಕೊಂಡರೆ ಇನ್ನೂ ಬೆಚ್ಚಗಿರುತ್ತಿತ್ತು. ಬೆಳಕು ಇನ್ನೂ ಒಳಗೇ ಅಡಗಿ ಕೂತಿದೆ, ಸರಿಯಾಗಿ ಉಜ್ಜಿದರೆ ಎದ್ದು ಬರುತ್ತದೆ ಎಂದು ನಂಬಿ, ಚಡ್ಡಿಗೆ ಉಜ್ಜಿ ಉಜ್ಜಿ ಚಡ್ಡಿ ಸವೆಸಿದವನು ನಾನು. ಬೆಳಕು ಬರಲಿಲ್ಲ. ಅವ್ವನ ಕೈಯ ಏಟು ಬಂತು.

ನಮ್ಮ ಸೋದರತ್ತೆಯೊಬ್ಬಳಿದ್ದಳು. ಫ್ಲಾಶ್ ಹೊಡೆಯುವ ಕ್ಷಣ ಅವಳಿಗೆ ಹೇಗೋ ಮೊದಲೇ ಗೊತ್ತಾಗುತ್ತಿತ್ತು. ಗೊತ್ತಾದ ಕೂಡಲೇ ಕಣ್ಣು ಮುಚ್ಚುತ್ತಿದ್ದಳು. ಮನೆಯ ಎಲ್ಲ ಫೋಟೋಗಳಲ್ಲೂ, ತನ್ನ ಮದುವೆಯದರಲ್ಲೂ, ಅತ್ತೆ ಧ್ಯಾನದಲ್ಲಿದ್ದಾಳೆ. ನಾನು ಕ್ಯಾಮೆರಾ ಹಿಡಿದ ಮೇಲೆ ಅವಳ ಕಣ್ಣು ತೆರೆಸುವುದೇ ನನ್ನ ಮೊದಲ ಗುರಿಯಾಗಿತ್ತು. “ಅತ್ತೆ, ಇನ್ನೊಂದ್ಸಲ” ಎನ್ನುವುದು, ಅವಳು ಮುಚ್ಚುವುದು, ಮತ್ತೆ “ಇನ್ನೊಂದ್ಸಲ” ಎನ್ನುವುದು. ಆ ಮಾತು ನನ್ನ ನಾಲಿಗೆಗೆ ಹತ್ತಿದ್ದು ಹಾಗೆ.

ಆಮೇಲೆ ಅದೇ ನನ್ನ ಕಸುಬಿನ ಮಂತ್ರವಾಯಿತು. ತಾಳಿ ಕಟ್ಟುವಾಗ ಮದುಮಗನ ಸೋದರಮಾವ ಅಕ್ಷತೆ ಹಾಕುವ ಭರದಲ್ಲಿ ಅಡ್ಡ ಬಂದನೋ, “ಇನ್ನೊಂದ್ಸಲ ಕಟ್ಟಿದಂಗೆ ಮಾಡ್ರಿ, ಕೈ ಅಲ್ಲೇ ಇರ್ಲಿ, ಈ ಕಡೆ ನೋಡ್ರಿ.” ತಾಯಿ ಮಗಳನ್ನು ತಬ್ಬಿ ಅತ್ತಳೋ, “ಇನ್ನೊಂದ್ಸಲ ಅಳ್ರಮ್ಮ, ಮುಖ ಸ್ವಲ್ಪ ಮ್ಯಾಲೆ.” ಅಳುತ್ತಾರೆ ಕೂಡ! ಈ ಸೀಮೆಯ ಅರ್ಧ ಗಂಡಂದಿರು ನನ್ನ ದೆಸೆಯಿಂದ ಎರಡೆರಡು ಸಲ ತಾಳಿ ಕಟ್ಟಿದವರು. ನನ್ನ ಮದುವೆಯ ಫೋಟೋ ತೆಗೆದ ಗೆಳೆಯನೂ ಹಾಗೇ ಮಾಡಿದ. “ಎರಡನೇ ಸಲ ಕೇಳಿದಾಗ್ಲೇ ನಾನು ಎದ್ದು ಹೋಗ್ಬೇಕಿತ್ತು” ಎಂದು ಗಿರಿಜಾ ಇವತ್ತಿಗೂ ಹೇಳುತ್ತಾಳೆ.

ಹೋದ ಮಳೆಗಾಲದಲ್ಲಿ ನ್ಯಾಮತಿಯ ಒಂದು ಶಾಲೆಯ ಆಟದ ಮೇಷ್ಟ್ರು ಹನುಮಂತಪ್ಪನವರು ಸ್ಟುಡಿಯೋಕ್ಕೆ ಬಂದರು. ಅವರ ಮಗಳ ಮದುವೆಯ ಫೋಟೋ ನಾನೇ ತೆಗೆದದ್ದು. ಅವರ ಶಾಲೆಯಲ್ಲಿ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿದ್ದವು. ಮಳೆ ಬಿಡುವಂತೆ ಕಾಣಲಿಲ್ಲವಾದ್ದರಿಂದ ಬಯಲಿನ ಬದಲು ಶಾಲೆಯ ಒಳಾಂಗಣದಲ್ಲಿ ಆಡಿಸಲು ನಿಶ್ಚಯಿಸಿದ್ದರು.

“ಮೊಬೈಲ್‌ನಾಗೆ ತೆಗೆದ್ರೆ ಹುಡುಗೀರು ದೆವ್ವದಂಗೆ ಬರ್ತಾರೆ ಶಿವಣ್ಣ. ಕೈ ಒಂದ್ ಕಡೆ, ಕಾಲ್ ಒಂದ್ ಕಡೆ, ಮುಖನೇ ಇರಲ್ಲ. ನಿಮ್ಮ ಮದುವೆ ಲೈಟ್ ತಗೊಂಡ್ ಬರ್ರಿ” ಎಂದರು ಮೇಷ್ಟ್ರು. “ಆದ್ರೆ ಒಂದ್ ಮಾತು. ಬೆಳಕು ಮಕ್ಕಳ ಕಣ್ಣಿಗೆ ಹೊಡೀತು ಅಂದ್ರೆ ಅಲ್ಲೇ ಬಂದ್ ಮಾಡಿಸ್ತೀನಿ. ಅಂಪೈರ್ ನಾನೇ.”

ಒಳಾಂಗಣ ಎಂದೊಡನೆ ಟಿವಿಯಲ್ಲಿ ನೋಡಿದ್ದನ್ನು ನೆನೆಸಿಕೊಳ್ಳಬೇಡಿ. ಅದು ಮೊದಲು ಮೆಕ್ಕೆಜೋಳ ತುಂಬುತ್ತಿದ್ದ ಗೋಡೌನು. ತಗಡಿನ ಸೂರು, ಸಿಮೆಂಟ್ ನೆಲ, ಕಿಟಕಿ ಎಂಬುದೇ ಇಲ್ಲ. ಬಣ್ಣ ಬಳಿದು ಗೆರೆ ಎಳೆದು ಎರಡು ಕಡೆ ರಿಂಗು ನಿಲ್ಲಿಸಿದ್ದರು. ಮೂಲೆಯಲ್ಲಿ ಇನ್ನೂ ಜೋಳದ ದೂಳಿನ ವಾಸನೆ. ಮಳೆ ಒಳಗೆ ಹೊಡೆಯುತ್ತದೆಂದು ದೊಡ್ಡ ಬಾಗಿಲೂ ಮುಚ್ಚಿದ್ದರಿಂದ ಮಧ್ಯಾಹ್ನವೇ ಟ್ಯೂಬ್‌ಲೈಟು ಉರಿಯುತ್ತಿದ್ದವು. ಎರಡು ಮೂಲೆಗಳಲ್ಲಿ ನನ್ನ ಎರಡು ಲೈಟುಗಳನ್ನು ಎಷ್ಟು ಎತ್ತರವಾಗುತ್ತದೋ ಅಷ್ಟು ಎತ್ತರಕ್ಕೆ ಏರಿಸಿ, ಮುಂದೆ ಛತ್ರಿ ಬಿಚ್ಚಿಟ್ಟೆ. ಒಂದು ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟಿದೆ. ಇನ್ನೊಂದರ ಕಾಲ ಮೇಲೆ ಕಾಲಿಟ್ಟು ಗಿರಿಜಾ ಕುರ್ಚಿ ಹಾಕಿಕೊಂಡು ಕೂತಳು. “ಮರಳಿನ ಚೀಲದ ಕೆಲ್ಸಕ್ಕೆ ಕರ್ಕೊಂಡ್ ಬಂದೀರಿ, ನೆನಪಿರ್ಲಿ” ಎಂದಳು.

ಅಂತಿಮ ಪಂದ್ಯ ಜಗಳೂರಿಗೂ ಚನ್ನಗಿರಿಗೂ. ಗೆದ್ದವರು ಮುಂದಿನ ಹಂತಕ್ಕೆ, ಊರು ಬಿಟ್ಟು ದೂರದ ಪಂದ್ಯಗಳಿಗೆ ಹೋಗುತ್ತಾರೆ. ಸೋತವರು ಸಂಜೆಯ ಬಸ್ಸು ಹಿಡಿದು ಮನೆಗೆ. ಎರಡೂ ಕಡೆ ಹತ್ತನೇ ತರಗತಿಯ ಹುಡುಗಿಯರೇ ಹೆಚ್ಚು, ಅವರಿಗೆ ಮುಂದಿನ ವರ್ಷ ಎಂಬುದಿರಲಿಲ್ಲ. ಜಗಳೂರಿನವರು ಬಯಲಿನಲ್ಲಿ ಕಬ್ಬಿಣದ ಕಂಬಕ್ಕೆ ಬಿಗಿದ ಬರಿಯ ರಿಂಗಿಗೆ ಚೆಂಡು ಹಾಕಿ ಕಲಿತವರಂತೆ. ರಿಂಗಿಗೆ ಬಲೆ ಇರುವುದನ್ನೇ ಹುಡುಗಿಯರು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅವರಲ್ಲಿ ಚೈತ್ರಾ ಎಂಬ ಸಣಕಲು ಹುಡುಗಿ, ಎರಡು ಜಡೆ, ಕೆಂಪು ಟೇಪು. ಚನ್ನಗಿರಿಯವರ ನಾಯಕಿ ನಸ್ರೀನ್, ಎತ್ತರದ ಹುಡುಗಿ, ಬಾಯಿಗೆ ಬಿಡುವೇ ಇಲ್ಲ. ಬಂದ ಕೂಡಲೇ ನನ್ನ ಛತ್ರಿ ನೋಡಿ, “ಅಂಕಲ್, ಮಳೆ ಒಳಗೂ ಬರ್ತೈತಾ?” ಎಂದು ಕೇಳಿಹೋದಳು.

ಆಟ ಶುರುವಾಯಿತು. ಜಗಳೂರಿನ ಹುಡುಗಿಯೊಬ್ಬಳು ಚೆಂಡು ಪುಟಿಸುತ್ತಾ ಓಡಿ ಬಂದಳು. ನಾನು ಒತ್ತಿದೆ. ಎರಡು ಮೂಲೆಯಿಂದಲೂ ಫಳ್ ಎಂದಿತು.

ಹುಡುಗಿ ನಿಂತುಬಿಟ್ಟಳು. ಅವಳೊಬ್ಬಳೇ ಅಲ್ಲ, ಅಂಗಣದಲ್ಲಿದ್ದವರೆಲ್ಲ ನಿಂತು ನನ್ನ ಕಡೆ ತಿರುಗಿದರು. ಒಬ್ಬಳು ಜಡೆ ಮುಂದಕ್ಕೆ ಹಾಕಿಕೊಂಡಳು, ಇನ್ನೊಬ್ಬಳು ಹಲ್ಲು ಕಾಣದಂತೆ ನಕ್ಕಳು. ಹುಟ್ಟಿದಾರಭ್ಯ ಫ್ಲಾಶ್ ಎಂದರೆ ಅಲುಗಾಡದೆ ನಿಲ್ಲಬೇಕು ಎಂದು ನಾವೇ ಕಲಿಸಿದ ಮಕ್ಕಳು, ಪಾಪ. ನಿಲ್ಲದವಳು ನಸ್ರೀನ್ ಒಬ್ಬಳೇ. ಸಮಯ ನೋಡಿ ಚೆಂಡು ಕಿತ್ತುಕೊಂಡು ಹೋಗಿ ಬುಟ್ಟಿಗೆ ಹಾಕಿ, “ಫೋಟೋ ಆಯ್ತೇನ್ರೇ?” ಎಂದು ಕೇಳಿದಳು. ಗೋಡೌನು ತುಂಬ ನಗು. ಮೇಷ್ಟ್ರು ನಗಲಿಲ್ಲ, ಹುಡುಗಿಯರಿಗೆ ಬೈದು ಮತ್ತೆ ಆಡಿಸಿದರು.

ನನ್ನ ಸರದಿ ಆಮೇಲೆ ಬಂತು. ಚೈತ್ರಾ ಇಬ್ಬರ ನಡುವೆ ನುಸುಳಿ ಎಗರಿ ಎಷ್ಟು ಚೆಂದ ಹಾಕಿದಳೆಂದರೆ, ನಾನು ನೋಡುತ್ತಾ ಒತ್ತುವುದನ್ನೇ ಮರೆತೆ. ಮರೆತದ್ದು ತಿಳಿದ ಕೂಡಲೇ ಬಾಯಿ ತನ್ನ ಕೆಲಸ ಮಾಡಿಬಿಟ್ಟಿತು. “ಇನ್ನೊಂದ್ಸಲ ಹಾಕಮ್ಮ, ಈ ಕಡೆ ನೋಡ್ಕೊಂಡು!”

ಮೇಷ್ಟ್ರು ಪೀಪಿ ಊದಿ ಆಟ ನಿಲ್ಲಿಸಿದರು. “ರೀ ಶಿವಣ್ಣ, ಇದು ಧಾರೆ ಮುಹೂರ್ತ ಅಲ್ರೀ!” ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಭುಜ ಕುಣಿಯುತ್ತಿದ್ದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆದರೆ ಮಾತು ತಮಾಷೆಗೆ ಹೋದರೂ ನನಗೆ ಅಲ್ಲಿ ಒಂದು ಹೊಸ ದಿಗಿಲು ಹತ್ತಿಕೊಂಡಿತು. ಇಲ್ಲಿ ಯಾವುದೂ ಇನ್ನೊಂದು ಸಲ ಆಗುವುದಿಲ್ಲ. ಅದರ ಮೇಲೆ ನನ್ನ ಲೈಟುಗಳು ಹಳೆಯವು. ಒಂದು ಸಲ ಹೊಡೆದರೆ ಮತ್ತೆ ಒಳಗೆ ವಿದ್ಯುತ್ತು ತುಂಬಿಕೊಳ್ಳಬೇಕು, ಸಣ್ಣ ನಲ್ಲಿಯ ಕೆಳಗೆ ಇಟ್ಟ ಕೊಡದ ಹಾಗೆ. ತುಂಬಿದಾಗ ಟಿಣ್ ಎನ್ನುತ್ತದೆ. ಅಷ್ಟರಲ್ಲಿ ಅಂಗಣದಲ್ಲಿ ಒಂದು ಪುರಾಣವೇ ಆಗಿಹೋಗಿರುತ್ತದೆ. ಟಪಟಪ ಒತ್ತಿ ಆಮೇಲೆ ಆರಿಸಿಕೊಳ್ಳುವ ಹಾಗಿಲ್ಲ. ಕಾಯಬೇಕು, ಈಗ ಎನ್ನುವುದಕ್ಕಿಂತ ಕೂದಲೆಳೆಯಷ್ಟು ಮೊದಲು ಒತ್ತಬೇಕು.

ಹಾಗೆ ಕಾದು ಒತ್ತಿದ್ದರಲ್ಲಿ ಒಂದು ಸರಿಯಾಗಿ ಬಂತು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದೆ. ನಸ್ರೀನ್ ಗಾಳಿಯಲ್ಲಿದ್ದಾಳೆ. ಬೂಟಿನ ಕೆಳಗೆ ಅವಳದೇ ನೆರಳು, ನಡುವೆ ಬರಿಯ ಗಾಳಿ. ಗಲ್ಲದಿಂದ ಬಿಡಿಸಿಕೊಂಡ ಬೆವರಿನ ಹನಿಗಳು ಇನ್ನೂ ಕೆಳಗೆ ಬಿದ್ದಿಲ್ಲ, ಒಂದೊಂದೂ ಹೊಳೆಯುತ್ತಾ ನಿಂತಿದೆ. ಬಿಚ್ಚಿದ ಬೂಟಿನ ದಾರ ಹಾವಿನಂತೆ ಎದ್ದಿದೆ. ಎದುರಿಗೇ ನಿಂತಿದ್ದ ನನ್ನ ಕಣ್ಣು ಇದ್ಯಾವುದನ್ನೂ ಕಂಡಿರಲಿಲ್ಲ. ಜೀವಮಾನವೆಲ್ಲ ನಿಂತವರ ಫೋಟೋ ತೆಗೆದಿದ್ದೆ, ಗದ್ದ ಎತ್ತಿಸಿ, ಹೆಗಲು ತಿರುಗಿಸಿ, ಉಸಿರು ಹಿಡಿಸಿ. ಮನುಷ್ಯರು ನೆಲ ಬಿಟ್ಟಾಗ ಹೇಗಿರುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಗಿರಿಜಾಳಿಗೆ ತೋರಿಸಿದೆ. ಯಾವುದಕ್ಕೂ ಒಂದು ಮಾತು ಚುಚ್ಚದೆ ಬಿಡದವಳು ಪರದೆಯ ಹತ್ತಿರ ಮುಖ ತಂದಳು. ಆಮೇಲೆ ಮೆಲ್ಲಗೆ, “ಇವ್ರು ಮಕ್ಳೇನ್ರಿ?” ಎಂದಳು.

ಹೊರಗೆ ಮಳೆ ಜೋರಾಯಿತು. ತಗಡಿನ ಸೂರಿನ ಮೇಲೆ ಅದರ ಸದ್ದಿನಲ್ಲಿ ಪೀಪಿಯೂ ಸರಿಯಾಗಿ ಕೇಳುತ್ತಿರಲಿಲ್ಲ, ಮೇಷ್ಟ್ರು ಕೈಸನ್ನೆಯಲ್ಲೇ ಆಡಿಸುತ್ತಿದ್ದರು. ಆಟ ಮುಗಿಯುವುದಕ್ಕೆ ಕೆಲವೇ ಕ್ಷಣ. ಚನ್ನಗಿರಿ ಒಂದು ಅಂಕ ಮುಂದಿದೆ. ಚೆಂಡು ಜಗಳೂರಿನ ಕೈಯಲ್ಲಿದೆ. ಹಾಕಿದರೆ ಜಗಳೂರು, ಹಾಕದಿದ್ದರೆ ಚನ್ನಗಿರಿ. ನನ್ನ ಎರಡು ಲೈಟೂ ಟಿಣ್ ಎಂದು ತುಂಬಿ ಕೂತಿದ್ದವು. ಚೈತ್ರಾ ಬಂದಳು, ಬಾಗಿದಳು, ಚಿಮ್ಮಿದಳು. ರಿಂಗಿನ ಕೆಳಗೆ ನಸ್ರೀನ್ ಎರಡೂ ಕೈ ಎತ್ತಿ ನಿಂತಳು. ನನ್ನ ಬೆರಳು ಇಳಿಯತೊಡಗಿತು.

ಕರೆಂಟು ಹೋಯಿತು.

ಕಸುಬಿನವರಿಗೆ ಗೊತ್ತು, ಹಳೆಯ ಫ್ಲಾಶ್ ಲೈಟಿನಲ್ಲಿ ಒಮ್ಮೆ ತುಂಬಿಕೊಂಡದ್ದು ಕರೆಂಟು ಹೋದರೂ ಕೂಡಲೇ ಖಾಲಿಯಾಗುವುದಿಲ್ಲ. ಒಂದು ಸಲಕ್ಕಾಗುವಷ್ಟು ಬೆಳಕು ಒಳಗೆ ಉಳಿದಿರುತ್ತದೆ. ಗೋಡೌನು ಕಪ್ಪಾದ ಮರುಗಳಿಗೆಯಲ್ಲಿ ನನ್ನ ಬೆರಳು ತನ್ನ ಪಾಡಿಗೆ ತಾನು ಒತ್ತಿತ್ತು. ಫಳ್ ಎಂದಿತು. ಅಲ್ಲಿದ್ದ ಪ್ರತಿಯೊಬ್ಬರೂ ಅದನ್ನು ಕಂಡರು. ಕಗ್ಗತ್ತಲ ನಡುವೆ ಆಕಾಶದಲ್ಲಿ ಒಂದು ಹುಡುಗಿ, ಎರಡು ಜಡೆ ಎರಡು ಕಡೆ ಚಾಚಿಕೊಂಡು, ಬೆರಳ ತುದಿಯಿಂದಾಚೆ ಚೆಂಡು. ನೋಡಿದೆವು ಎನ್ನುವಷ್ಟರಲ್ಲಿ ಮತ್ತೆ ಕತ್ತಲೆ. ಇಡೀ ಗೋಡೌನಿನಿಂದ ‘ಹಾ’ ಎಂದು ಒಂದೇ ಉಸಿರು ಬಂತು. ಆಮೇಲೆ ಮಳೆಯ ಸದ್ದೊಂದೇ.

ಮೊಬೈಲುಗಳ ಟಾರ್ಚು ಒಂದೊಂದಾಗಿ ಹತ್ತಿಕೊಂಡವು. ಚೆಂಡು ಬಾಗಿಲ ಬಳಿ ಉರುಳಿ ನಿಂತಿತ್ತು. ಹೋಯಿತೋ ಇಲ್ಲವೋ? ಬಲೆಯ ಸದ್ದು ಯಾರಿಗೂ ಕೇಳಿರಲಿಲ್ಲ. ಹೋಯಿತು ಎಂದು ಜಗಳೂರಿನವರು, ಇಲ್ಲ ಎಂದು ಚನ್ನಗಿರಿಯವರು, ಗದ್ದಲವೋ ಗದ್ದಲ. ಮೇಷ್ಟ್ರು ಟಾರ್ಚು ಹಿಡಿದು ನೇರ ನನ್ನ ಬಳಿ ಬಂದರು.

“ತೋರಿಸ್ರಿ ಶಿವಣ್ಣ. ನಿಮ್ಮ ಫೋಟೋನೇ ಈಗ ಅಂಪೈರ್.”

ತೋರಿಸಿದೆ. ಎಲ್ಲರೂ ಮುತ್ತಿಕೊಂಡರು. ಇಂಥ ಫೋಟೋ ನಾನು ತೆಗೆದದ್ದು ಅದೊಂದೇ, ಇನ್ನು ತೆಗೆಯುವುದೂ ಇಲ್ಲ. ಆದರೆ ಚೆಂಡು ರಿಂಗಿನ ಮೇಲೆ ಒಂದು ಗೇಣು ಎತ್ತರದಲ್ಲಿತ್ತು. ಹೋಗಿಯೂ ಇಲ್ಲ, ತಪ್ಪಿಯೂ ಇಲ್ಲ. ಅಷ್ಟೆಲ್ಲ ಕಂಡ ಬೆಳಕು, ಬೇಕಾದ್ದೊಂದನ್ನು ಹೇಳಲಿಲ್ಲ. ಜನರ ನಡುವೆ ತಲೆ ತೂರಿಸಿ ಚೈತ್ರಾ ಪರದೆ ನೋಡಿದಳು. ಗೆಲುವು ಸೋಲು ಎಲ್ಲ ಮರೆತು, “ಸಾ, ಇದು ನಾನಾ? ಇಷ್ಟ್ ಎತ್ರ ಹೋಗಿದ್ನಾ?” ಎಂದಳು. ನಾನು ಹೌದೆಂದು ತಲೆ ಆಡಿಸಿದೆ.

ಮೇಷ್ಟ್ರು ಯೋಚಿಸಿ ಹೇಳಿದರು. “ಇದ್ರಿಂದ ಏನೂ ತಿಳಿಯಲ್ಲ. ಕರೆಂಟ್ ಬರ್ಲಿ, ಆ ಕೊನೇ ಗಳಿಗೆ ಇನ್ನೊಂದ್ಸಲ ಆಡಿಸ್ತೀನಿ.”

ಅದು ನನ್ನದೇ ಮಾತು, ಇನ್ನೊಬ್ಬರ ಬಾಯಲ್ಲಿ. ಆ ಹಾರಾಟವನ್ನು ಇನ್ನೊಂದು ಸಲ ಮಾಡು ಎಂದು ಯಾರಿಗಾದರೂ ಹೇಳಬಹುದೇ? ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು.

“ಇನ್ನೊಂದ್ಸಲ ಯಾಕ್ರೀ ಸಾ? ಚೆಂಡು ಹೋಗೈತಲ್ಲ.” ನಸ್ರೀನ್.

“ನಿಂಗೆ ಹೆಂಗ್ ಗೊತ್ತು?”

“ಕೆಳಗೇ ನಿಂತಿದ್ದೆ, ಕತ್ತಲಾಗೇ ಎಗರಿದೆ. ಬಲೆ ಬೆರಳಿಗೆ ಬಡೀತು, ಚೆಂಡು ಅದ್ರೊಳಗಿಂದ ನೆತ್ತಿ ಮ್ಯಾಲೆ ಬಿತ್ತು.”

“ಏ, ಸುಮ್ನಿರೇ!” ಎಂದು ಅವಳ ಗೆಳತಿ ಕೈ ಹಿಡಿದು ಜಗ್ಗಿದಳು.

“ಸುಮ್ನೆ ಹೆಂಗಿರ್ಲಿ? ತಲೆ ಇನ್ನೂ ನೋಯ್ತೈತೆ” ಎಂದಳು ನಸ್ರೀನ್.

ಮಳೆಯ ಸದ್ದಿನಲ್ಲೂ ಆ ಮಾತು ಎಲ್ಲರಿಗೂ ಕೇಳಿಸಿತು. ಮೇಷ್ಟ್ರು ಅವಳ ಮುಖವನ್ನೇ ನೋಡುತ್ತಾ ಜಗಳೂರಿನ ಕಡೆ ಕೈ ಎತ್ತಿದರು. ಜಗಳೂರಿನ ಹುಡುಗಿಯರು ಕಿರುಚಿಕೊಂಡು ಒಬ್ಬರನ್ನೊಬ್ಬರು ತಬ್ಬಿ ಕುಣಿಯುತ್ತಾ, ಆ ಅರೆಗತ್ತಲಲ್ಲಿ ಗಿರಿಜಾ ಕಾಯುತ್ತಿದ್ದ ಸ್ಟ್ಯಾಂಡಿನ ಮೇಲೇ ಹೋಗಿ ಬಿದ್ದರು. ಲೈಟನ್ನು ಗಿರಿಜಾ ಹೇಗೋ ತಬ್ಬಿ ಹಿಡಿದಳು. ಛತ್ರಿಯ ಕಡ್ಡಿ ಮುರಿದು ಬಟ್ಟೆ ಹರಿಯಿತು.

ಅದನ್ನು ನೆಲದಿಂದ ಎತ್ತಿಕೊಂಡವಳು ನಸ್ರೀನ್. ಬಿಚ್ಚಿದ ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದು, ಹರಿದ ಕಡೆ ನೋಡುವವಳಂತೆ ತುಂಬ ಹೊತ್ತು ನಿಂತಳು. ಛತ್ರಿ ಅಲುಗುತ್ತಿತ್ತು. ಅವಳು ಅಳುತ್ತಿದ್ದಾಳೆಂದು ಗಿರಿಜಾಳಿಗೆ ತಿಳಿಯಿತು, ನನಗೂ ತಿಳಿಯಿತು. ನನ್ನ ಕೊರಳಲ್ಲಿ ಕ್ಯಾಮೆರಾ ಇತ್ತು. ಅದರ ಮೇಲೆ ಗಿರಿಜಾ ಮೆಲ್ಲಗೆ ಕೈಯಿಟ್ಟಳು. ಆಮೇಲೆ ಹುಡುಗಿ ಮೂಗು ಒರೆಸಿಕೊಂಡು ಛತ್ರಿ ಮಡಿಸಿದಳು.

“ನಮ್ಮಪ್ಪ ಚನ್ನಗಿರೀಲಿ ಛತ್ರಿ ರಿಪೇರಿ ಮಾಡ್ತಾರೆ. ತಗೊಂಡ್ ಹೋಗ್ತೀನಿ ಅಂಕಲ್, ಸರಿ ಮಾಡಿಸ್ಕೊಂಡ್ ಬರ್ತೀನಿ.”

ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಕೆಲವು ದಿನ ಬಿಟ್ಟು ಅಪ್ಪ ಮಗಳು ಇಬ್ಬರೂ ಬಸ್ಸಿನಲ್ಲಿ ಹೊನ್ನಾಳಿಗೆ ಬಂದರು. ಖಾದರ್ ಸಾಬರು ಸಣ್ಣ ಗಡ್ಡದ, ಅವಸರವಿಲ್ಲದ ಮನುಷ್ಯ. ಛತ್ರಿಯನ್ನು ಬಿಚ್ಚಿ, ಕರಿ ತೇಪೆ ನನ್ನ ಕಡೆ ತಿರುಗಿಸಿದರು. “ಬಿಳಿ ಬಟ್ಟೆ ಸಿಗ್ಲಿಲ್ಲ ಸಾಬ್, ನಮ್ಮತ್ರ ಇದ್ದಿದ್ದು ಕರೀದೇ. ಆದ್ರೆ ಹೊಲಿಗೆ ಪಕ್ಕಾ. ಎಂಥಾ ಮಳೆ ಬಂದ್ರೂ ಆ ತೇಪೆಯಿಂದ ಒಂದ್ ಹನಿ ಬರಲ್ಲ.”

“ಇದು ಮಳೆಗಲ್ಲ ಭಾಯ್.”

“ಮತ್ತೆ ಬಿಸಿಲಿಗಾ?”

“ಬೆಳಕಿಗೆ.”

“ಬೆಳಕಿಗೆ ಛತ್ರಿನಾ! ಅಲ್ಲಾ!” ಎಂದು ಅವರು ಗಟ್ಟಿಯಾಗಿ ನಕ್ಕರು. ಗಿರಿಜಾ ಚಹಾ ತಂದಳು. ನಾನು ನಸ್ರೀನಳಿಗೆಂದು ಮೊದಲೇ ದೊಡ್ಡದಾಗಿ ಪ್ರಿಂಟ್ ಹಾಕಿಸಿಟ್ಟಿದ್ದ ಫೋಟೋ ತೆಗೆದು ಕೊಟ್ಟೆ. ಅವಳು ಗಾಳಿಯಲ್ಲಿರುವುದು, ಬೆವರಿನ ಹನಿ ಹೊಳೆಯುತ್ತಿರುವುದು. ಖಾದರ್ ಸಾಬರು ಚಹಾದ ಲೋಟ ಕೆಳಗಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಮಗಳನ್ನು ನೋಡಿದರು, ಫೋಟೋ ನೋಡಿದರು.

ನಸ್ರೀನ್ ಮಾತ್ರ, “ಇದು ಅಪ್ಪಂಗಿರ್ಲಿ. ನಂಗೆ ಆ ಕರೆಂಟ್ ಹೋದಾಗಿಂದು ಬೇಕು” ಎಂದಳು.

ನನಗೆ ಅರ್ಥವಾಗಲಿಲ್ಲ. ಆ ಫೋಟೋದಲ್ಲಿ ಅವಳು ಕೆಳಗೆ ನಿಂತು ಕೈ ಎತ್ತಿದ್ದಾಳೆ ಅಷ್ಟೇ. ಹಾರುತ್ತಿರುವವಳು ಚೈತ್ರಾ. ಅದರದೂ ಒಂದು ಪ್ರಿಂಟ್ ಇತ್ತು, ತೆಗೆದು ಅವಳ ಕೈಗೆ ಕೊಡುತ್ತಾ ಕೇಳಿಯೇಬಿಟ್ಟೆ. “ಅಲ್ಲಮ್ಮ, ಚೆಂದಾಗಿ ಬಂದಿದ್ದು ಬಿಟ್ಟು ಸೋತ ಫೋಟೋ ಯಾಕೆ?”

ಅವಳು ಫೋಟೋವನ್ನು ನನ್ನ ಮುಂದೆ ಹಿಡಿದು ಬೆರಳಿಟ್ಟು ತೋರಿಸಿದಳು.

“ಇದ್ರಾಗೆ ಸೋತಿದ್ದು ಎಲ್ಲೈತ್ರೀ ಅಂಕಲ್? ಚೆಂಡು ಇನ್ನೂ ಮ್ಯಾಲೇ ಐತಲ್ಲ.”